ಅಳತೆ ಪುಸ್ತಕ

ಮೊದಲು ಎದ್ದದ್ದು ನಮ್ಮತ್ತೆಗೆ, ಎಡಪಕ್ಕೆಯ ಮೇಲೆ,
ರವಿಕೆಯ ಹೊಲಿಗೆ ಹಾದುಹೋಗುವ ಜಾಗದಲ್ಲೇ.
ಮೂರು ದಿನ ಉರಿ, ನಾಲ್ಕನೆಯ ದಿನ ನೀರ್ಗುಳ್ಳೆ.
ಸರ್ಪಸುತ್ತು, ತಲೆ ಬಾಲ ಕೂಡಿದರೆ ಮುಗೀತು, ಅಂದರು.
ಮೊಸಳೆಹೊಸಳ್ಳಿಯ ಮುದುಕಪ್ಪ ಬಂದು
ಕೆಮ್ಮಣ್ಣು ಕಲಸಿ ಪಕ್ಕೆಯ ಮೇಲೊಂದು ಹಾವು ಬರೆದು
ಅದರ ತಲೆ ಒರೆಸಿ, ಕಾಫಿ ಕುಡಿದು ಹೋದ.
ನಾನು ಟೇಪು ಹಿಡಿದು ಅಳೆದೆ:
ಬೆನ್ನೆಲುಬಿನಿಂದ ಹೊಕ್ಕುಳ ಸಾಲಿಗೆ ಹದಿನಾಲ್ಕೂವರೆ ಇಂಚು.
ನಡುಗೆರೆ ದಾಟಿರಲಿಲ್ಲ.

ಹದಿನೈದು ದಿನಕ್ಕೆ ಭುವಿ,
ಅಜ್ಜಿಯ ಸೆರಗಿನೊಳಗೇ ಮಲಗುವವಳು,
ಲಂಗ ಎತ್ತಿ ತೋರಿಸಿದಳು: ‘ಸೊಳ್ಳೆ ಕಚ್ಚಿದೆ.’
ಸಂಜೆಗೆ ಸೊಳ್ಳೆ ಬೆನ್ನಿಗೆ ಹೋಯಿತು,
ಬೆಳಿಗ್ಗೆಗೆ ನೆತ್ತಿಗೆ, ಬಾಯೊಳಕ್ಕೆ.
ಪೆನ್ಷನ್ ಮೊಹಲ್ಲಾದ ನಮ್ಮ ಓಣಿಯಲ್ಲಿ
‘ಅಮ್ಮ ಬಂದವ್ಳೆ, ಒಗ್ಗರಣೆ ಹಾಕಬ್ಯಾಡ’ ಅಂದರು.
ರವಿಕೆ ಕೊಡಲು ಬಂದವರು ಬಾಗಿಲ ಬೇವು ನೋಡಿ ತಿರುಗಿದರು.

ಅವಳ ಹಕ್ಕಳೆ ಉದುರುವ ಹೊತ್ತಿಗೆ ಇವರು.
ಚಿಕ್ಕಂದಿನಲ್ಲಿ ಹೇಗೋ ತಪ್ಪಿಸಿಕೊಂಡಿದ್ದವರು.
ಡಿಪೋದಲ್ಲಿ ಬಸ್ಸಿನಡಿ ಮಲಗಿ ನಟ್ಟು ಬಿಗಿಯುವ ಮನುಷ್ಯ
ಹೊದಿಕೆ ತಾಗಿದರೆ ಕಿರುಚುತ್ತ,
ನೂರಾಮೂರು ಜ್ವರದಲ್ಲಿ ಯಾವುದೋ ಡೀಸೆಲ್ ಪಂಪಿನೊಡನೆ ಜಗಳ.

ಮೂವರ ಗಂಜಿ, ಮೂವರ ಬಟ್ಟೆ,
ಮೂರು ಬೆನ್ನಿಗೆ ಗುಲಾಬಿ ಬಣ್ಣದ ಲೋಷನ್ನು.
ನನಗೆ ಏನೂ ಆಗಲಿಲ್ಲ.
‘ನಿಂಗ್ಯಾಕಿಲ್ಲ?’ ಭುವಿ ಕೇಳಿದಳು, ಮೋಸವಾಯಿತೆಂಬಂತೆ.
ಹುಬ್ಬಿನ ಮೇಲಿನ ಕುಳಿಗೆ ಅವಳ ಬೆರಳು ಮುಟ್ಟಿಸಿದೆ.
ಆರು ವರ್ಷ ಆಗ, ಆಲೂರಿನ ಮನೆ. ಕೆರೆದುಕೊಂಡದ್ದು ನಾನೇ.

ಡಾಕ್ಟರಮ್ಮ ಹೇಳಿದ್ದನ್ನು
ನಾನು ನನ್ನ ಕಸುಬಿಗೆ ಕತ್ತರಿಸಿಕೊಂಡಿದ್ದೇನೆ:
ಗುರುತಿಲ್ಲದ ಮೈ ಮೊದಲ ಸಲ ಅಂಗಡಿಗೆ ಬಂದರೆ
ಸಾವಿರ ರವಿಕೆ ಹಾಕಿ ನೋಡಬೇಕು.
ಇದು ಭುಜಕ್ಕೆ ಬಿಗಿ, ಇದು ತೋಳಿಗೆ ಸಡಿಲ.
ಅಷ್ಟರಲ್ಲಿ ಅದು ಮನೆಯೆಲ್ಲ ಸುತ್ತಿ ಉರಿ ಹಚ್ಚಿರುತ್ತದೆ.
ಹತ್ತಿರ ಕೂತದ್ದನ್ನು ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ,
ಕೊನೆಗೊಂದು ಚರ್ಮದಂತೆ ಕೂರುತ್ತದೆ.
ಆಮೇಲೆ ಹಗಲೂ ರಾತ್ರಿ ಅದೊಂದೇ ಹೊಲಿಗೆ.
ಅದನ್ನು ತೊಟ್ಟ ರೋಗಕ್ಕೆ ಕೈ ಎತ್ತಲಾಗದು.

ಗೌರಿಹಬ್ಬ ಮುಗಿದ ಮೇಲೆ
ಹೆಚ್ಚಿಗೆ ಕರೆದ ಹುಡುಗಿಯರನ್ನು ನಾನು ಮನೆಗೆ ಕಳಿಸುತ್ತೇನೆ.
ಮೈಯೂ ಕಳಿಸುತ್ತದೆ. ಒಬ್ಬಿಬ್ಬರು ಉಳಿಯುತ್ತಾರೆ
ಮೂಳೆಯೊಳಗಿನ ಕತ್ತಲಲ್ಲಿ,
ಅಳತೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು.
ಇಪ್ಪತ್ತೆಂಟು ವರ್ಷದ ಮೇಲೆ ಅದೇ ಗಿರಾಕಿ
ಮಗಳ ಉಸಿರಲ್ಲಿ ಬಂದರೆ, ಕೂರಲೂ ಹೇಳದೆ
ತೊಡಿಸಿ ಸಾಗಹಾಕುತ್ತಾರೆ.
ನನಗೆ ಸುದ್ದಿಯೂ ಬರಲಿಲ್ಲ.
(ಲಸಿಕೆಯೆಂದರೆ, ಗಿರಾಕಿಗಿಂತ ಮುಂಚೆ
ಅಳತೆ ರವಿಕೆ ಬಂದು ತಲುಪಿದ ಹಾಗೆ.
ಭುವಿಗೆ ಹಾಕಿಸಬಹುದಿತ್ತಂತೆ. ಗೊತ್ತಿರಲಿಲ್ಲ.)

‘ನಂಗೂ ಆಗಿತ್ತಲ್ಲವ್ವಾ ಚಿಕ್ಕೋಳಿದ್ದಾಗ,
ನಂಗ್ಯಾಕೆ ಮತ್ತೆ?’ ಅತ್ತೆ ಕೇಳಿದರು.
ಆ ಗಿರಾಕಿ ಹೋಗಿಯೇ ಇರಲಿಲ್ಲವಂತೆ.
ನರದ ಬುಡದಲ್ಲಿ ಅರವತ್ತು ವರ್ಷ ಮುದುರಿ ಮಲಗಿತ್ತು.
ಕಾಯುವವರಿಗೆ ವಯಸ್ಸಾಯಿತು,
ಪುಸ್ತಕದ ಶಾಯಿ ಮಾಸಿತು, ಅದು ಮಗ್ಗುಲಾಯಿತು.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ:
‘ಹಂಗಾರೆ ಮಗೀಗೆ ಕೊಟ್ಟೋಳು ನಾನೇ.’
ಯಾರೂ ಅಲ್ಲವೆನ್ನಲಿಲ್ಲ.
ಭುವಿ ಮಾತ್ರ ಹಕ್ಕಳೆ ಎಣಿಸುತ್ತಲೇ
‘ಅಜ್ಜೀದು ಒಂದೇ ಸಾಲು, ನಂದು ಮೈತುಂಬ’ ಅಂದಳು, ಗೆದ್ದವಳ ಹಾಗೆ.

ಈಗ ಎಲ್ಲರ ಗುಳ್ಳೆ ಒಣಗಿದೆ. ಇವರು ಡ್ಯೂಟಿಗೆ ಹೋಗುತ್ತಾರೆ.
ಅತ್ತೆಯ ಪಕ್ಕೆಯಲ್ಲಿ ಉರಿ ಇನ್ನೂ ಇದೆ,
ಬಟ್ಟೆ ಸವರಿದರೂ ಕಿಡಿ.
ಅದಕ್ಕೆ ಹಳೆಯ ವಾಯಿಲಿನಲ್ಲೊಂದು ರವಿಕೆ ಹೊಲಿದೆ,
ಎಡಗಡೆಯ ಹೊಲಿಗೆ ಹೊರಗಿಟ್ಟು.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು
‘ಉಲ್ಟಾ ಹಾಕೊಂಡಿದ್ದೀಯ ಕಣಕ್ಕಾ’ ಅಂದಳಂತೆ.
‘ಇಲ್ಲ, ನಮ್ ಸೊಸೆ ಹೊಲ್ದಿದ್ದೇ ಹಿಂಗೆ’ ಅಂದು
ದಂಟಿನ ಕಟ್ಟು ಬಲಗಂಕುಳಿಗೆ ಸಿಕ್ಕಿಸಿ ಬಂದರು.