ಆರೂವರೆ

ಬೆಳಗಿನ ಜಾವ ಗೂಡಿನ ಅಗುಳಿ ತೆಗೆದರೆ
ಹನ್ನೊಂದು ಬಾತುಗಳು ಒಟ್ಟಿಗೇ ಹೊರಗೆ,
ನಾನು ಶಾಲೆಯ ಬಸ್ಸು ಓಡಿಸುತ್ತಿದ್ದಾಗ
ಕಡೇ ಸ್ಟಾಪಿನಲ್ಲಿ ಇಳಿಯುತ್ತಿದ್ದ ಮಕ್ಕಳಂತೆ,
ಒಂದರ ಕಾಲು ಇನ್ನೊಂದು ತುಳಿದು.
ಕೋಳಿಗಿರುವ ಶಿಸ್ತು ಇವಕ್ಕಿಲ್ಲ.
ಹುಲ್ಲಲ್ಲೊಂದು, ನೀರಿನ ತೊಟ್ಟಿಯ ಮಗ್ಗುಲಲ್ಲೊಂದು,
ಹೊಸ್ತಿಲ ಕೆಸರಲ್ಲೇ ಒಂದು.
ಬೆಚ್ಚಗೆ, ಭಾರವಾಗಿ, ತೆಳುಹಸಿರಾಗಿ.
ತೊಳೆಯದಿದ್ದರೆ ಯಾರೂ ಕೊಳ್ಳುವುದಿಲ್ಲ,
ತೊಳೆದರೆ ಬಹಳ ದಿನ ಬಾಳುವುದಿಲ್ಲ.

ಹ್ಯುವಾನ್ ನದಿಯ ಈ ದಂಡೆಯಲ್ಲಿ
ಗೇಟಿನ ಬಳಿ ಇಟ್ಟು ಮಾರುವುದು ರೂಢಿ.
ಕೆಟ್ಟುಹೋದ ಫ್ರಿಜ್ಜಿನ ಹೊಟ್ಟೆಯಲ್ಲಿ ಮೊಟ್ಟೆ,
ಬಿಸ್ಕತ್ತಿನ ಡಬ್ಬಿಯಲ್ಲಿ ದುಡ್ಡು,
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬೆಲೆ.
ಕಾವಲಿಗೆ ಯಾರೂ ಇಲ್ಲ, ಅಂದರೆ
ಅಡುಗೆಮನೆಯ ಕಿಟಕಿಯಲ್ಲಿ ನಾನು.

ಮೊದಲು ಬರೆದದ್ದು ನಾಲ್ಕು ಡಾಲರ್, ಅರ್ಧ ಡಜನ್ನಿಗೆ.
ತಿರುವಿನಾಚೆಯ ಲೋರ್ನಾ ಪೈಬಸ್
ಕೋಳಿಮೊಟ್ಟೆಗೆ ಅಷ್ಟೇ ಹಾಕಿದ್ದಳು.
ಅವಳಿಗಿಂತ ಹೆಚ್ಚೆಂದರೆ ಜಂಬ,
ಕಡಿಮೆಯೆಂದರೆ ಜಗಳ.
ಹೋಬಾರ್ಟಿನಿಂದ ಬಂದ ಕಾರಿನವನೊಬ್ಬ
ಮೂರು ಪೆಟ್ಟಿಗೆ ಎತ್ತಿಕೊಂಡು, ನಕ್ಕು,
'ಅಲ್ಲಿ ಒಂದಕ್ಕೇ ಹನ್ನೆರಡು ತಗೋತಾರೆ' ಎಂದ.
ಹಾಕಿದ್ದೂ ಹನ್ನೆರಡೇ,
ಮೂರಕ್ಕೂ ಸೇರಿಸಿ.

ಆ ರಾತ್ರಿ ನಿದ್ದೆ ಬರಲಿಲ್ಲ.
ಬೆಳಿಗ್ಗೆ ಒಂಬತ್ತು ಎಂದು ಬರೆದೆ.

ನಾಲ್ಕು ದಿನ ಮೊಟ್ಟೆ ಕದಲಲಿಲ್ಲ.
ಐದನೆಯ ದಿನ, ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ
ಮಾರಿಸೆಲ್ ಬಂದಳು, ಸೈಕಲ್ಲು ಗೇಟಿಗೆ ಒರಗಿಸಿ
ಹಲಗೆ ಓದಿದಳು.
ಫ್ರಿಜ್ಜಿನ ಬಾಗಿಲು ತೆಗೆದು, ನೋಡಿ,
ಒಳಗೆ ಯಾರೋ ಮಲಗಿದ್ದಾರೆಂಬಂತೆ ಮೆಲ್ಲಗೆ ಮುಚ್ಚಿ
ಹೋದಳು.
ಕೈಯಲ್ಲಿದ್ದ ಲೋಟವನ್ನು ನಾನು ಎರಡು ಸಲ ತೊಳೆದೆ.

ನಾದಿನಿ ಥೈರಾ, ಮರದ ಮಿಲ್ಲಿನ ಲೆಕ್ಕ ಬರೆಯುವವಳು,
ಕಿವಿಯಿಂದ ಪೆನ್ಸಿಲು ತೆಗೆದಳು.
ಕಾಳಿನ ಮೂಟೆ, ಹುಲ್ಲು, ಕ್ವೋಲ್ ನುಗ್ಗಿದ ರಾತ್ರಿ
ಕತ್ತು ಮುರಿದುಕೊಂಡ ಎರಡು ಬಾತು,
ಆಮೇಲೆ ಬಂದ ತಂತಿಬೇಲಿ.
'ನಿನ್ನ ಮಂಡಿನೋವು ಸೇರಿಸಲೇನೇ?'
ಬೇಡ ಎಂದೆ.
ಸೇರಿಸದೆಯೇ ಮೊಟ್ಟೆಯೊಂದಕ್ಕೆ ಒಂದು ಡಾಲರ್ ಎಂಟು ಸೆಂಟು.
ಅಸಲು ಗೊತ್ತಾದ ಮೇಲೆ
ಬಾತುಗಳ ಮುಖ ನೋಡುವುದು ಕಷ್ಟ.

ಒಂದು ವಾರ ಹಲಗೆ ಖಾಲಿ ಬಿಟ್ಟೆ, ತೋಚಿದಷ್ಟು ಕೊಡಲಿ ಎಂದು.
ಅದು ಇನ್ನೂ ಕೆಟ್ಟಿತು.
ಚರ್ಚಿನಲ್ಲಿ ಕಾಣಿಕೆ ತಟ್ಟೆ ತಮ್ಮ ಬೆಂಚಿಗೆ ಬಂದಂತೆ
ಜನ ಜೇಬು ತಡಕಾಡಿ, ಅತ್ತಿತ್ತ ನೋಡಿ,
ಕೆಲವರು ಹತ್ತರ ನೋಟು ತುರುಕಿ ಓಡಿದರು,
ಕೆಲವರು ಮೊಟ್ಟೆಯನ್ನೇ ಬಿಟ್ಟು.
ಇಷ್ಟು ಎಂದು ಹೇಳಿಬಿಡುವುದೂ ಒಂದು ಮರ್ಯಾದೆ.

ಈಗ ಆರೂವರೆ.
ಡಬ್ಬಿಯ ಸದ್ದಿಗೇ ಲೆಕ್ಕ ತಿಳಿಯುತ್ತದೆ.
ಇಲ್ಲಿ ಎರಡು ಡಾಲರಿನ ನಾಣ್ಯ
ಒಂದು ಡಾಲರಿನದಕ್ಕಿಂತ ಚಿಕ್ಕದು;
ಐವತ್ತು ಸೆಂಟಿನದೋ ಹನ್ನೆರಡು ಮೂಲೆಯ ಧಡೂತಿ,
ಬಿದ್ದರೆ ಬಾತುಗಳೂ ತಲೆ ಎತ್ತುತ್ತವೆ.
ಸ್ಪಂಜು ಕೇಕಿಗೆ ಇದೇ ಮೊಟ್ಟೆ ಆಗಬೇಕೆನ್ನುವ
ಮುದುಕ ಎಡ್ವಿನ್ ಏಳು ಹಾಕಿ, ಚಿಲ್ಲರೆಗೆಂದು ಬಾಗಿಲು ಬಡಿಯುತ್ತಾನೆ.
ಐವತ್ತು ಸೆಂಟಿನ ಜೊತೆ ಅರ್ಧ ಗಂಟೆ ಮಾತು, ಕೊಸರು.

ಮಾರಿಸೆಲ್ ಆರು ಹಾಕುತ್ತಾಳೆ.
ಆ ಕಡೆಯ ಸದ್ದು ಬರುವುದಿಲ್ಲ.
ನಾನು ನಲ್ಲಿ ತಿರುಗಿಸುತ್ತೇನೆ.
ತಿಂಗಳಿಗೊಮ್ಮೆ ಅವಳು ಹಿಂತಿರುಗಿಸುವ ಪೆಟ್ಟಿಗೆಯಲ್ಲಿ
ಎರಡು ಮೊಟ್ಟೆ, ನನ್ನವೇ,
ಮೂರು ವಾರ ಉಪ್ಪುನೀರಲ್ಲಿ ನೆನೆದು ಬೆಂದವು,
ಚಿಪ್ಪಿನ ಮೇಲೆ ಪೆನ್ಸಿಲಿನ ತಾರೀಖು.
ಕೊಯ್ದರೆ ಕಿತ್ತಳೆ ಬಣ್ಣದ ಎಣ್ಣೆ ಚಾಕುವಿಗೆ ಹತ್ತುತ್ತದೆ.
ಥೈರಾಗೆ ಹೇಳಿಲ್ಲ,
ಯಾವ ಕಾಲಮ್ಮಿಗೆ ಹಾಕುತ್ತಾಳೋ.

ಜೂನ್ ಬಂತು, ಹಗಲು ಕುಗ್ಗಿತು.
ಬಾತುಗಳು ಮೊಟ್ಟೆ ಇಡುವುದು ನಿಲ್ಲಿಸಿವೆ,
ತಿನ್ನುವುದನ್ನಲ್ಲ.
ಹಲಗೆಯ ನೆತ್ತಿಯಲ್ಲಿ 'ಇಲ್ಲ' ಎಂದು ಬರೆದೆ,
ಕೆಳಗಿನ ಬೆಲೆ ಅಳಿಸಲು ಮನಸ್ಸಾಗಲಿಲ್ಲ.
ಇವತ್ತು ನೋಡಿದರೆ ಇಬ್ಬನಿಗೆ ಆರು ಕರಗಿಹೋಗಿ
ಪಕ್ಕದ ಅರ್ಧ ಮಾತ್ರ
ಬೆಳ್ಳಗೆ ನಿಂತಿದೆ.