ಬ್ಲೇಡಿನಲ್ಲಿ ಕೆರೆದ ಅಂಕಿ

ಎಂಬತ್ತೈದು ಎಂದು ಬರೆದದ್ದು ನಾನೇ,
ಕೆರೆದದ್ದೂ ನಾನೇ.
ಟ್ರೇಸಿಂಗ್ ಹಾಳೆಯಲ್ಲಿ ಶಾಯಿ ಒಣಗಿತೆಂದರೆ
ರಬ್ಬರು ಸಾಲದು, ಗಡ್ಡದ ಬ್ಲೇಡೇ ಬೇಕು,
ಉಸಿರು ಬಿಗಿಹಿಡಿಯಬೇಕು,
ಹಾಲಿನ ಕೆನೆ ತೆಗೆಯುವಷ್ಟು ಹಗುರ ಇರಬೇಕು ಕೈ.

ಮೊಡೆನಾದ ಆಚೆ, ಪನಾರೋ ಹೊಳೆಯ ಪಕ್ಕ
ನಲವತ್ತು ಜನರ ಕಾರ್ಖಾನೆ ನಮ್ಮದು.
ನವೆಂಬರಿನ ಮಂಜು ಎಷ್ಟೆಂದರೆ
ಗೇಟಿನ ಕಾವಲುಗಾರ ಸದ್ದು ಕೇಳಿಯೇ ಕಾರು ಗುರುತಿಸಿ
ಗೇಟು ತೆಗೆಯುತ್ತಿದ್ದ.
ಆರು ಸಿಲಿಂಡರು, ಒಂದೊಂದರ ಅಗಲ ಎಂಬತ್ತೈದು ಮಿಲಿಮೀಟರು,
ಒಟ್ಟು ಎರಡು ಸಾವಿರದ ನಾನೂರ ಐವತ್ತೊಂದು ಸಿಸಿ.
ಮದುವೆಯ ತಾರೀಕು ಮರೆತೇನು, ಇದನ್ನಲ್ಲ.

ಆಮೇಲೆ ರೋಮಿನಲ್ಲಿ ಯಾರೋ ಒಂದು ಗೆರೆ ಎಳೆದರು:
ಎರಡು ಸಾವಿರ ದಾಟಿದರೆ ತೆರಿಗೆ ದುಪ್ಪಟ್ಟು.
ಇಂಜಿನಿಯರ್ ಬೊಂಪಾನಿ ಗೆಜೆಟ್ಟನ್ನು ನಾಲ್ಕಾಗಿ ಮಡಚಿ
ಅಲುಗುವ ಮೇಜಿನ ಕಾಲಡಿ ಇಟ್ಟ.
"ಬಾಗಿಲು ಗಿಡ್ಡ ಮಾಡಿದ್ದಾರೆ, ಯೋಲೆ. ತಲೆ ತಗ್ಗಿಸೋಣ."

ಎಪ್ಪತ್ತಾರೂವರೆ ಬರೆದೆ.
ಕಡಿಮೆಯಾದದ್ದು ನನ್ನ ಕಿರುಬೆರಳ ಉಗುರಿನಷ್ಟು.
ಹೊರಮೈ ಅದೇ, ತೂಕ ಒಂದು ಗುಲಗಂಜಿ ಹೆಚ್ಚೇ,
ಒಳಗೆ ಮಾತ್ರ ಗೋಡೆ ದಪ್ಪ, ಜಾಗ ಕಮ್ಮಿ.
ಸಾವಿರದ ಒಂಬೈನೂರ ಎಂಬತ್ತೈದು ಸಿಸಿ:
ಗೆರೆಗೂ ನಮಗೂ ನಡುವೆ
ಒಂದು ದೊಡ್ಡ ಚಮಚ ಕೆಮ್ಮಿನ ಔಷಧಿ.

ಬೊಲೊನ್ಯಾದ ಹಲ್ಲಿನ ಡಾಕ್ಟರೊಬ್ಬ ಕೊಂಡ,
ಮರುವಾರವೇ ಬಂದು ಹಿಂಬದಿಯ ಅಂಕಿಯ ಫಲಕ ಕೀಳಿಸಿದ.
ತೆರಿಗೆಯವನ ಕಣ್ಣಿಗೆ ಚಿಕ್ಕದು, ನೆರೆಯವನ ಕಣ್ಣಿಗೆ ದೊಡ್ಡದು,
ಎರಡೂ ಆಗಬೇಕಿತ್ತು ಅದು, ಪಾಪ.

ಅಮೆರಿಕದ ಕತೆ ಬೇರೆ. ಅಲ್ಲಿನ ಹೊಗೆಯ ಕಾನೂನು
ಇಂಜಿನ್ನಿನ ಬಾಯಿಗೆ ಬಟ್ಟೆ ಕಟ್ಟಿತು;
ಹೋದ ಬಲ ತುಂಬಲು ಎದೆ ಅಗಲಿಸಬೇಕಾಯಿತು.
ಎಂಬತ್ತೆಂಟು.
ರೇಸಿನವರು ನಿಯಮ ತಿದ್ದಿದಾಗ ಮತ್ತೆ ಬ್ಲೇಡು:
ಪಂದ್ಯದಲ್ಲಿ ಓಡಿಸುವುದನ್ನು ಮೊದಲು ರಸ್ತೆಗೆ ಮಾರಿ ತೋರಿಸಿ ಎಂದರು.
ಇನ್ನೊಮ್ಮೆ ಯಾಕೆ ಬದಲಿಸಿದೆವೋ ನೆನಪಿಲ್ಲ.
ಪಕ್ಕದೂರಿನ ಕಂಪನಿ ನೂರು ಸಿಸಿ ಏರಿಸಿತ್ತೆಂದು ಕಾಣುತ್ತದೆ.
ಅದಕ್ಕಿಂತ ಘನ ಕಾರಣ ಬೇಕೆ ಗಂಡಸರಿಗೆ?

ನಮ್ಮಮ್ಮನ ಅಟ್ಟದಲ್ಲಿ ವಿನೆಗರಿನ ಪೀಪಾಯಿಗಳ ಸಾಲಿತ್ತು,
ಒಂದಕ್ಕಿಂತ ಒಂದು ಕಿರಿದು.
ವರ್ಷಕ್ಕೊಮ್ಮೆ ದೊಡ್ಡದರಿಂದ ಚಿಕ್ಕದಕ್ಕೆ ಸುರಿಯುವಳು.
ಕಡೆಯ ಪೀಪಾಯಿಯ ಒಂದು ಹನಿ ಸಾಕು,
ನಾಲಗೆಯ ಮೇಲೆ ಇಡೀ ಬೇಸಿಗೆ.
ನಮ್ಮ ಸಣ್ಣ ಇಂಜಿನ್ನೂ ಹಾಗೇ ಎಂದು ಹೇಳಿದರೆ
ಕೇಳಲು ಚೆಂದ. ಆದರೆ ಸುಳ್ಳು.
ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು.

ಆದರೂ ಕಾರು ಪರೀಕ್ಷಿಸುವ ನೇರಿಯೋ
ಅಪೆನೈನ್ ಬೆಟ್ಟದಿಂದ ಇಳಿದು ಬಂದು
ಕೈಗವಸು ಕಳಚುತ್ತಾ ಒಮ್ಮೆ ಅಂದ:
"ದೊಡ್ಡದು ತಾನೇ ಎತ್ತಿಕೊಂಡು ಹೋಗುತ್ತೆ.
ಇದನ್ನು ಒಪ್ಪಿಸಬೇಕು. ತಿರುವು ತಿರುವಿಗೂ ಮಾತಾಡಿಸಬೇಕು."
ಮನೆಯಲ್ಲಿ ಆತ ಬಾಯಿ ಬಿಡುತ್ತಿರಲಿಲ್ಲವಂತೆ,
ಹೆಂಡತಿ ಹೇಳುತ್ತಿದ್ದಳು.

ಈಗ ಅಲ್ಲಿ ಟೈಲ್ಸ್ ಗೋದಾಮು.
ಕಳೆದ ಮಂಗಳವಾರ ಹುಡುಗನೊಬ್ಬ ಎಲ್ಲಿಂದಲೋ ಆ ಹಾಳೆ ತಂದು ಹರಡಿ
"ನಿಜವಾದ ಅಳತೆ ಯಾವುದಜ್ಜಿ?" ಎಂದ.
ಕಿಟಕಿಗೆ ಹಿಡಿ ಎಂದೆ.
ಆ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು.
ಎಂಬತ್ತೈದು, ಎಪ್ಪತ್ತಾರೂವರೆ, ಎಂಬತ್ತೆಂಟು,
ಒಂದರ ಬೆನ್ನ ಮೇಲೊಂದು.
ಅವುಗಳ ಆಚೆ, ಅಂಗಳದಲ್ಲಿ, ಅವನ ಕಾರು,
ಸಿಸಿ ಎಂಬುದೇ ಇಲ್ಲದ್ದು,
ನನ್ನ ಅಡುಗೆಮನೆಯ ಪ್ಲಗ್ಗಿನಿಂದ ಕರೆಂಟು ಹೀರುತ್ತಾ.

ಮಂಜು ಕವಿಯುವ ಮುಂಚೆ ಹೊರಡು ಮಗೂ, ಎಂದೆ.
ನಿನ್ನದರ ಸದ್ದಿಗೆ
ಯಾರೂ ಗೇಟು ತೆಗೆಯಲಾರರು.