ಹೊಗೆಯ ಖಾತೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹರಾಜು ಮುಗಿಸಿ
ಜಾಲರಿ ಕೊಡವುವ ಹೊತ್ತಿಗೆ
ನಾನು ಹೊಗೆ ಬರೆದುಕೊಳ್ಳಲು ಹೊರಡುತ್ತೇನೆ.
ಕೈಯಲ್ಲಿ ನಮೂನೆ, ಅದರಲ್ಲಿ ಹನ್ನೊಂದು ಕಾಲಂ,
ಬೈಕಿನ ಹಿಂದೆ ಸೌದೆ ತೂಗುವ ಸ್ಪ್ರಿಂಗು ತಕ್ಕಡಿ.

ಸೀರೆ ಮಾರುವ ಕಂಪನಿಗೆ ಈಗ ಹೊಗೆಗೂ ಮಿತಿಯಂತೆ.
ಮೀರಿದರೆ ಕೊಳ್ಳಬೇಕು, ಮಿಕ್ಕರೆ ಮಾರಬಹುದು.
ಅವರ ಶೋರೂಮಿನಲ್ಲಿ ಊದುಬತ್ತಿಯ ಹೊರತು ಹೊಗೆಯಿಲ್ಲ.
ಹಾಗಾಗಿ ಎಳೆ ಹಿಡಿದು ಹಿಂದಕ್ಕೆ ನಡೆದರು:
ನೇಯುವವನಿಂದ ಬಣ್ಣದವನಿಗೆ,
ಬಣ್ಣದವನಿಂದ ಹುರಿಯವನಿಗೆ,
ಹುರಿಯವನಿಂದ ಈ ಓಣಿಗೆ,
ಜಬೀವುಲ್ಲಾ ಸಾಹೇಬರ ತಗಡಿನ ಚಾವಣಿಯ ಕೆಳಗೆ
ಗೂಡು ಬೇಯುವ ಬಾನಿಗೆ.

"ಒಂದು ಕೇಜಿ ನೂಲಿಗೆ ಎಷ್ಟು ಸೌದೆ?"
ನೀಲಗಿರಿಯ ತುಂಡೊಂದನ್ನು ಅಂಗೈಯಲ್ಲೇ ತೂಗಿ
"ಒಣಗಿದ್ದೋ, ಹಸೀದೋ?" ಎಂದರು.
ಕಾಲಂ ಅಷ್ಟು ಕೇಳಿರಲಿಲ್ಲ.
ಹಸೀದಕ್ಕೆ ಹೊಗೆ ಜಾಸ್ತಿ, ಕಾವು ಕಮ್ಮಿ,
ಒಣಗಿದ್ದಕ್ಕೆ ದುಡ್ಡು ಜಾಸ್ತಿ.
ಬರೆದುಕೊಂಡೆ: ಸೌದೆ.

"ಹೋದ ವರ್ಷದ್ದು ಒಂಚೂರು ಜಾಸ್ತಿ ಬರಿಯಪ್ಪ,
ಈ ವರ್ಷ ಉಳಿಸ್ದಂಗೆ ಕಾಣ್ಲಿ."
ಹಿಂದಿನ ಮನೆಯಲ್ಲೂ ಇದೇ ಮಾತು,
ಅದರ ಹಿಂದಿನ ಮನೆಯಲ್ಲೂ.
ಹೋದ ವರ್ಷದ ಆಕಾಶ ಈ ಓಣಿಯಲ್ಲಿ
ದಿನದಿಂದ ದಿನಕ್ಕೆ ಕಪ್ಪಾಗುತ್ತಿದೆ.

ಆಮೇಲೆ ನಗು ಆರಿತು.
"ರಂಜಾನ್ ಆದ್ಮೇಲೆ ಎರಡು ತಿಂಗಳು ಒಲೆ ಹಚ್ಚಲೇ ಇಲ್ಲ.
ನೂಲಿನ ರೇಟು ಬಿದ್ದು ಹೋಗಿತ್ತು.
ಆ ಹೊಗೆ ಪೂರ್ತಿ ಉಳೀತಲ್ಲ, ಅದಕ್ಕೆಷ್ಟು?"

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಉರಿದೂ ಕಮ್ಮಿಯಾದರೆ ಉಳಿತಾಯ,
ಉರಿಯದೇ ಇದ್ದರೆ ಬರೀ ನಿಂತ ಕೆಲಸ.
ಹೇಗೆ ಹೇಳಲಿ.
ಹೇಳಿದೆ.

ಹೊಸ ಬಾಯ್ಲರಿಗೆ ಅರ್ಧ ಕಂಪನಿ, ಅರ್ಧ ನೀವು;
ಉಳಿದ ಹೊಗೆ ಮಾತ್ರ ಪೂರ್ತಿ ಕಂಪನಿಯದು.
ಈ ಸಾಲು ಕನ್ನಡದಲ್ಲಿರಲಿಲ್ಲ,
ನಾನೇ ಓದಿ ಹೇಳಿದೆ, ಸ್ವಲ್ಪ ಮೆತ್ತಗೆ.

ಸಕೀನಾಬಿ ತಲೆಯೆತ್ತಲಿಲ್ಲ.
ಬಿಸಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಿದ್ದರು.
ಎಂಟು ಗೂಡಿನ ಎಂಟು ತುದಿ ಸೇರಿದರೆ ಒಂದು ನೂಲು,
ಬೆರಳ ತುದಿಗಳು ಬೆಂದು, ಬಿಳಿಚಿ, ಸುಕ್ಕು.
"ಎಲ್ಲರದೂ ಸೇರಿ ಒಂದೇ ಲೆಕ್ಕ ಅಂತೀಯ.
ನಡುವೆ ಕಡಿದ್ರೆ ಗಂಟು ಹಾಕೋರು ಯಾರು?"

ರಾಟೆ ಸುತ್ತುತ್ತಿತ್ತು.
ಎಳೆ ಕಳಚಿಕೊಂಡ ಹುಳುಗಳು ಬಾನಿಯ ತಳದಲ್ಲಿ
ಒಂದರ ಮೇಲೊಂದು, ಕಂದು ಬಣ್ಣ,
ಯಾವ ಕಾಲಂನಲ್ಲೂ ಇಲ್ಲದೆ.

ನಾಳೆ ಮೇಲೂರು. ಮುನಿಪಿಳ್ಳಪ್ಪನವರ ಹಿಪ್ಪುನೇರಳೆ ತೋಟ,
ಎಲೆಗೆ ಎಷ್ಟು ಗೊಬ್ಬರ, ಪಂಪಿಗೆ ಎಷ್ಟು ಕರೆಂಟು.
ಹೋಗಿ ಬರುವ ನನ್ನ ಪೆಟ್ರೋಲು
ಯಾರ ಖಾತೆಗೆ ಎಂದು ಕೇಳಿದ್ದೆ;
"ಇತರೆ" ಎಂದಿದ್ದರು ಆಫೀಸಿನಲ್ಲಿ.

ಹೊರಡಲು ಎದ್ದೆ. ಅಷ್ಟರಲ್ಲಿ ಸಕೀನಾಬಿ
ಬಾನಿಯ ಒಲೆಯಿಂದ ಎರಡು ಕೆಂಡ ಎಳೆದು
ಅದರ ಮೇಲೆ ಟೀ ಇಟ್ಟರು.
ಕುಡಿದೆ.
ಬರೆಯಲಿಲ್ಲ.